ಔಟ್‌ಬೋರ್ಡ್ ಎಂಜಿನ್ ಮೇಲೇಳುತ್ತಿಲ್ಲವೇ? ಟ್ರಿಮ್-ಟಿಲ್ಟ್ ಹೈಡ್ರಾಲಿಕ್ ದೋಷ ಹುಡುಕುವ ಬಗೆ

ಬೆಂಗಳೂರಿನ ದೋಣಿಗಳು ನೀರಿನಲ್ಲಿ ಇರುವುದಕ್ಕಿಂತ ಟ್ರೇಲರ್ ಮೇಲೆ ಇರುವುದೇ ಜಾಸ್ತಿ. ಊರಾಚೆಯ ಶೆಡ್ಡಿನಲ್ಲೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಮೂಲೆಯಲ್ಲೋ ತಿಂಗಳುಗಟ್ಟಲೆ ನಿಂತಿರುತ್ತವೆ. ಆಮೇಲೆ ಒಂದು ದಿನ ಶಿರಾಡಿ ಘಾಟಿ ಇಳಿದು ಕರಾವಳಿಗೆ ಹೊರಡುತ್ತವೆ. ಅಲ್ಲಿ ಹೋಗಿ, ದೋಣಿಯ ಹಿಂಬದಿಗೆ ಕಚ್ಚಿಸಿರುವ ಔಟ್‌ಬೋರ್ಡ್ ಎಂಜಿನನ್ನು ಎತ್ತಲು ಗುಂಡಿ ಒತ್ತಿದರೆ ಅದು ಅಲುಗುವುದೇ ಇಲ್ಲ. ಅಥವಾ ಮೇಲೆ ಎತ್ತಿಟ್ಟಿದ್ದು ಬೆಳಗಾಗುವಷ್ಟರಲ್ಲಿ ಕೆಳಗೆ ಬಂದಿರುತ್ತದೆ.

‘ಪಂಪ್ ಹೋಗಿದೆ, ಪೂರ್ತಿ ಯೂನಿಟ್ ಬದಲಿಸಿ’ ಅನ್ನುವವರು ತಕ್ಷಣ ಸಿಗುತ್ತಾರೆ. ಅವಸರದಲ್ಲಿ ಒಪ್ಪಿಕೊಳ್ಳಬೇಡಿ. ನಾನು ನೋಡಿರುವ ಮಟ್ಟಿಗೆ, ನಮ್ಮೂರಲ್ಲಿ ನಿಂತೇ ಇರುವ ಎಂಜಿನ್‌ಗಳಲ್ಲಿ ಪಂಪ್ ಕೆಡುವುದು ಅಪರೂಪ. ಕೈಕೊಡುವುದು ಬ್ಯಾಟರಿ, ಕಿಲುಬು ಹಿಡಿದ ಕನೆಕ್ಟರ್, ರಿಲೇ, ಸಡಿಲವಾದ ರಿಲೀಸ್ ಸ್ಕ್ರೂ, ಇಳಿದುಹೋದ ಆಯಿಲ್. ಇವನ್ನೆಲ್ಲ ನೋಡಲು ಒಂದು ಮಲ್ಟಿಮೀಟರ್, ಅಗಲ ಬಾಯಿಯ ಸ್ಕ್ರೂಡ್ರೈವರ್, ಒಂದು ಟಾರ್ಚ್ ಸಾಕು. ಹಾಗಾಗಿ ಕಾಸು ಖರ್ಚಿಲ್ಲದ ಕೆಲಸ ಮೊದಲು, ಬಿಚ್ಚುವ ಕೆಲಸ ಕೊನೆಗೆ.

ಇದು ಗುಂಡಿ ಒತ್ತಿ ಎತ್ತುವ ಎಂಜಿನ್‌ಗಳಿಗೆ ಬರೆದದ್ದು. ಓಡುವಾಗ ಎಂಜಿನ್‌ನ ಕೋನ ತುಸು ಹೊಂದಿಸುವುದು ಟ್ರಿಮ್, ನೀರಿನಿಂದ ಪೂರ್ತಿ ಮೇಲೆತ್ತುವುದು ಟಿಲ್ಟ್. ಮಳೆಗಾಲದಲ್ಲಿ ಬಡಾವಣೆಗಳಿಗೆ ನೀರು ನುಗ್ಗಿದಾಗ ರಬ್ಬರ್ ದೋಣಿಗಳು ಬರುತ್ತವಲ್ಲ, 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಸುತ್ತಮುತ್ತ ಬಂದ ಹಾಗೆ, ಅಂಥ ದೋಣಿಗಳ ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಈ ಹೈಡ್ರಾಲಿಕ್ ಇರುವುದಿಲ್ಲ. ಅವನ್ನು ಕೈಯಲ್ಲೇ ಎತ್ತಿ ಕೊಂಡಿ ಹಾಕುತ್ತಾರೆ.

ಒಳಗೆ ಏನಾಗುತ್ತದೆ

ಗುಂಡಿ ಒತ್ತಿದರೆ ರಿಲೇ, ಅಂದರೆ ಗುಂಡಿಯ ಸಣ್ಣ ಕರೆಂಟಿನಿಂದ ಮೋಟಾರಿನ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್, ‘ಟಕ್’ ಅನ್ನುತ್ತದೆ. ಬ್ಯಾಟರಿಯ 12 ವೋಲ್ಟ್ ಒಂದು ಪುಟ್ಟ ಡಿಸಿ ಮೋಟಾರಿಗೆ ಹೋಗುತ್ತದೆ. ಆ ಮೋಟಾರ್ ಗೇರ್ ಪಂಪನ್ನು ತಿರುಗಿಸುತ್ತದೆ, ಪಂಪ್ ಆಯಿಲನ್ನು ಸಿಲಿಂಡರಿಗೆ ತಳ್ಳುತ್ತದೆ, ಸಿಲಿಂಡರಿನ ರಾಡ್ ಎಂಜಿನನ್ನು ಎತ್ತುತ್ತದೆ. ಕೆಳಗಿಳಿಸಲು ಅದೇ ಮೋಟಾರ್ ಉಲ್ಟಾ ತಿರುಗುತ್ತದೆ. ಎತ್ತಿದ್ದು ಅಲ್ಲೇ ನಿಲ್ಲಬೇಕಲ್ಲ, ಅದಕ್ಕೆ ಆಯಿಲನ್ನು ವಾಪಸ್ ಹೋಗಲು ಬಿಡದ ಚೆಕ್ ವಾಲ್ವ್‌ಗಳು ಒಳಗಿವೆ. ಬ್ಯಾಟರಿ ಸತ್ತರೂ ಕೈಯಲ್ಲಿ ಎತ್ತಿ ಇಳಿಸಲು ಒಂದು ರಿಲೀಸ್ ಸ್ಕ್ರೂ ಇರುತ್ತದೆ.

ಮೂರು ರಾಡ್ ಇರುವ ಯೂನಿಟ್‌ನಲ್ಲಿ ಎಂಜಿನ್ ಮೊದಲು ನಿಧಾನವಾಗಿ ಏರಿ, ಆಮೇಲೆ ಸರ್ರನೆ ಮೇಲೇಳುತ್ತದೆ. ಇದು ದೋಷವಲ್ಲ. ಮೊದಲ ಸುಮಾರು 20 ಡಿಗ್ರಿವರೆಗೆ ಎರಡು ಗಿಡ್ಡ ಟ್ರಿಮ್ ರಾಡ್‌ಗಳೂ ಸೇರಿ ತಳ್ಳುತ್ತವೆ. ಅದರಾಚೆ ನಡುವಿನ ಟಿಲ್ಟ್ ರಾಡ್ ಒಂದೇ ಕೆಲಸ ಮಾಡುತ್ತದೆ. ತುಂಬಬೇಕಾದ ಆಯಿಲ್ ಕಡಿಮೆಯಾಗುವುದರಿಂದ ವೇಗ ಹೆಚ್ಚುತ್ತದೆ.

ಕೈ ಹಾಕುವ ಮುನ್ನ

ಎತ್ತಿದ ಎಂಜಿನ್ ಕೆಳಗೆ ಬರೀ ಹೈಡ್ರಾಲಿಕ್ ನಂಬಿ ತಲೆ, ಕೈ ಹಾಕಬೇಡಿ. ದೊಡ್ಡ ಎಂಜಿನ್ ಒಂದು ಕ್ವಿಂಟಲ್‌ಗಿಂತ ಭಾರವಿರುತ್ತದೆ. ಎಂಜಿನ್‌ನಲ್ಲೇ ಇರುವ ಟಿಲ್ಟ್ ಸಪೋರ್ಟ್ ಲಿವರ್ ಹಾಕಿ, ಅದರ ಜೊತೆಗೆ ಗಟ್ಟಿ ಮರದ ದಿಮ್ಮಿ ಕೊಡಿ ಅಥವಾ ಮೇಲಿನಿಂದ ಹಗ್ಗ ಕಟ್ಟಿ. ರಿಲೀಸ್ ಸ್ಕ್ರೂ ತಿರುಗಿಸುವಾಗಲಂತೂ ಕೆಳಗೆ ಯಾರೂ ಇರಕೂಡದು, ಮಕ್ಕಳು ಹತ್ತಿರ ಸುಳಿಯಕೂಡದು. ಎಂಜಿನ್ ತಟ್ಟನೆ ನಿಲ್ಲಿಸುವ ಕಿಲ್ ಸ್ವಿಚ್‌ನ ದಾರ ತೆಗೆದಿಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ.

ಆಯಿಲ್ ಸೋರುತ್ತಿದೆಯಾ ಎಂದು ಬೆರಳಾಡಿಸಿ ನೋಡಬೇಡಿ. ಒತ್ತಡದಲ್ಲಿರುವ ಆಯಿಲ್ ಸೂಜಿಯಷ್ಟು ಸಣ್ಣ ತೂತಿನಿಂದ ಚಿಮ್ಮಿದರೂ ಚರ್ಮದೊಳಗೆ ನುಗ್ಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ ಅದು. ಒಂದು ರಟ್ಟು ಹಿಡಿದು ನೋಡಿ. ಮೋಟಾರಿಗೆ ನೇರ ವೈರ್ ಕೊಟ್ಟು ಪರೀಕ್ಷಿಸುವಾಗ ಕಿಡಿ ಹಾರುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಆ ಪರೀಕ್ಷೆ ಬೇಡ. ಮೇಲಿನ ಕವರ್ ತೆಗೆದು, ಗಾಳಿಯಾಡಲು ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಮಾಡಿ. ಬೇಸ್‌ಮೆಂಟಿನಲ್ಲಂತೂ ಮಾಡಲೇಬೇಡಿ, ಟ್ರೇಲರನ್ನು ಹೊರಗೆ ಎಳೆದುಕೊಳ್ಳಿ.

ಗುಂಡಿ ಒತ್ತಿದರೆ ಸದ್ದೇ ಇಲ್ಲ

‘ಟಕ್’ ಕೂಡ ಕೇಳದಿದ್ದರೆ ರಿಲೇಗೆ ಕರೆಂಟ್ ಮುಟ್ಟುತ್ತಿಲ್ಲ, ಇಲ್ಲವೇ ರಿಲೇಯೇ ಕೆಟ್ಟಿದೆ ಎಂದರ್ಥ. ಹೈಡ್ರಾಲಿಕ್ ಕಡೆ ನೋಡುವ ಅಗತ್ಯವೇ ಇಲ್ಲ.

ಬ್ಯಾಟರಿಯಿಂದ ಶುರು ಮಾಡಿ. ತುಂಬಿದ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. ತಿಂಗಳುಗಟ್ಟಲೆ ನಿಂತ ದೋಣಿಯಲ್ಲಿ 11ರ ಆಸುಪಾಸು ಇಳಿದಿರುವುದು ಮಾಮೂಲು. ಚಾರ್ಜ್ ಮಾಡಿ ಮತ್ತೆ ನೋಡಿ. ಟರ್ಮಿನಲ್ ಕೈಯಲ್ಲಿ ಅಲ್ಲಾಡಿಸಿ, ಸಡಿಲ ಇದ್ದರೆ ಬಿಗಿ ಮಾಡಿ. ಬ್ಯಾಟರಿಯ ಮೇನ್ ಸ್ವಿಚ್ ಆಫ್ ಆಗಿದೆಯೇ ನೋಡಿ. ಇದನ್ನು ಮರೆತು ಅರ್ಧ ದಿನ ಹುಡುಕಾಡುವವರಿದ್ದಾರೆ.

ಆಮೇಲೆ ಫ್ಯೂಸ್. ಕಣ್ಣಿಗೆ ಸರಿ ಕಂಡರೂ ಮೀಟರ್ ಹಿಡಿದು ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನದ್ದನ್ನು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ದೊಡ್ಡ ಫ್ಯೂಸ್ ಹಾಕಿ ಮುಂದೆ ಹೋಗುವುದು ವೈರಿಂಗ್ ಸುಡುವ ದಾರಿ.

ಫ್ಯೂಸೂ ಸರಿಯಿದ್ದರೆ ಸ್ವಿಚ್ ಸರದಿ. ಬಹುತೇಕ ಎಂಜಿನ್‌ಗಳಲ್ಲಿ ಎರಡು ಗುಂಡಿಗಳಿರುತ್ತವೆ. ಒಂದು ಥ್ರಾಟಲ್ ಹಿಡಿಯಲ್ಲಿ, ಇನ್ನೊಂದು ಎಂಜಿನ್ ಕವರಿನ ಪಕ್ಕದಲ್ಲಿ. ಕವರಿನ ಗುಂಡಿಗೆ ಕೆಲಸ ಮಾಡಿ ಹಿಡಿಯ ಗುಂಡಿಗೆ ಮಾಡದಿದ್ದರೆ ಮೋಟಾರ್, ಪಂಪ್, ರಿಲೇ ಎಲ್ಲ ಚೆನ್ನಾಗಿವೆ. ಕೆಟ್ಟಿರುವುದು ಹಿಡಿಯ ಸ್ವಿಚ್ ಅಥವಾ ಅಲ್ಲಿಗೆ ಹೋಗುವ ವೈರ್. ಥ್ರಾಟಲ್ ಹಿಂದೆ ಮುಂದೆ ಆಡಿಸಿದಂತೆಲ್ಲ ಆ ವೈರ್ ಮಡಚಿ ಮಡಚಿ ಹಿಡಿಯ ಬುಡದಲ್ಲೇ ಒಳಗೆ ತುಂಡಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಹಾಗೇ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಗುಂಡಿ ಒತ್ತಿಕೊಂಡೇ ಥ್ರಾಟಲ್ ಮೆಲ್ಲಗೆ ಸರಿಸಿ ನೋಡಿ. ಎಲ್ಲಾದರೂ ಒಂದು ಕಡೆ ‘ಟಕ್’ ಕೇಳಿದರೆ ಕಳ್ಳ ಸಿಕ್ಕಿದ ಹಾಗೆ.

‘ಟಕ್’ ಅನ್ನುತ್ತದೆ, ಮೋಟಾರ್ ತಿರುಗುವುದಿಲ್ಲ

ಇಲ್ಲಿ ಮೀಟರ್ ಮಾತನಾಡಬೇಕು. ಒಬ್ಬರು ಗುಂಡಿ ಒತ್ತಿ ಹಿಡಿಯಲಿ, ನೀವು ಬ್ಯಾಟರಿಯ ಮೇಲೆ ಮೀಟರ್ ಇಟ್ಟು ನೋಡಿ. ಸುಮ್ಮನಿದ್ದಾಗ 12.5 ಇದ್ದದ್ದು ಒತ್ತಿದಾಗ 9ಕ್ಕೋ 8ಕ್ಕೋ ಬಿದ್ದರೆ ಬ್ಯಾಟರಿಗೆ ದಮ್ಮಿಲ್ಲ. ಬೀಳದೆ ಹಾಗೇ ನಿಂತರೆ ಮುಂದೆ ಹೋಗಿ.

ಈಗ ಮೋಟಾರಿಗೆ ಹೋಗುವ ಎರಡು ದಪ್ಪ ವೈರ್‌ಗಳನ್ನು ಹುಡುಕಿ. ಸಾಮಾನ್ಯವಾಗಿ ನೀಲಿ ಮೇಲಕ್ಕೆ, ಹಸಿರು ಕೆಳಕ್ಕೆ. ಗುಂಡಿ ಒತ್ತಿದಾಗ ಆ ಎರಡರ ನಡುವೆ ಹೆಚ್ಚುಕಮ್ಮಿ 12 ವೋಲ್ಟ್ ಬಂದೂ ಮೋಟಾರ್ ತಿರುಗದಿದ್ದರೆ ಮೋಟಾರೇ ಕೆಟ್ಟಿದೆ. ಬರದಿದ್ದರೆ ದೋಷ ಅದಕ್ಕೂ ಹಿಂದೆ, ರಿಲೇ ಅಥವಾ ಕನೆಕ್ಟರಿನಲ್ಲಿದೆ.

ಕನೆಕ್ಟರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಕಡಲಿಗೆ ಹೋಗಿ ಬಂದ ಎಂಜಿನ್‌ನಲ್ಲಿ ತಾಮ್ರದ ಪಿನ್ ಸುತ್ತ ಹಸಿರು ಪುಡಿ ಕೂತಿರುತ್ತದೆ. ಕೆಲವೊಮ್ಮೆ ಹೊರಗಿನಿಂದ ಚೊಕ್ಕಟವಾಗಿದ್ದು, ವೈರಿನ ಪ್ಲಾಸ್ಟಿಕ್ ಒಂದಿಂಚು ಸುಲಿದರೆ ಒಳಗಿನ ಎಳೆಗಳು ಕಪ್ಪಗಾಗಿ ಮುಟ್ಟಿದರೆ ಪುಡಿಯಾಗುತ್ತವೆ. ಅಂಥ ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ ಹೊಸ ಟರ್ಮಿನಲ್ ಕೂರಿಸಬೇಕು. ಟರ್ಮಿನಲ್, ತವರ ಲೇಪಿಸಿದ ವೈರ್, ಹೀಟ್ ಶ್ರಿಂಕ್ ಟ್ಯೂಬ್ ಎಲ್ಲ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಇನ್ಸುಲೇಷನ್ ಟೇಪ್ ಸುತ್ತಿ ಮುಗಿಸಬೇಡಿ, ಅದರೊಳಗೆ ನೀರು ನಿಂತು ಇನ್ನೂ ಬೇಗ ಕೊಳೆಯುತ್ತದೆ.

ಅರ್ತಿಂಗ್ ಮರೆಯಬೇಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಿಡಿದು ಗುಂಡಿ ಒತ್ತಿಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕಿದೆ. ಉಜ್ಜಿ, ಬಿಗಿ ಮಾಡಿ.

ಮೋಟಾರೇ ಕೆಟ್ಟಿದೆಯೆಂದು ಖಚಿತಪಡಿಸಿಕೊಳ್ಳಲು ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ಫ್ಯೂಸ್ ಇರುವ ವೈರಿನಲ್ಲಿ ನೇರ ಕರೆಂಟ್ ಕೊಡಿ. ನೀಲಿಗೆ ಪಾಸಿಟಿವ್, ಹಸಿರಿಗೆ ನೆಗೆಟಿವ್ ಕೊಟ್ಟರೆ ಮೇಲಕ್ಕೆ, ಅದಲು ಬದಲು ಮಾಡಿದರೆ ಕೆಳಕ್ಕೆ. ಮೂರು ವೈರಿನ ಹಳೆಯ ಮೋಟಾರಿಗೆ ಈ ಲೆಕ್ಕ ಹೊಂದುವುದಿಲ್ಲ, ಅದರ ಸರ್ವಿಸ್ ಪುಸ್ತಕ ನೋಡಿಯೇ ಮಾಡಿ. ನೇರ ಕರೆಂಟಿಗೂ ತಿರುಗದಿದ್ದರೆ ಮೋಟಾರ್ ಬಿಚ್ಚಬೇಕು. ಬಿಚ್ಚಿದಾಗ ಕಂದು ನೀರು ಸುರಿದರೆ ಮೇಲಿನ ಸೀಲ್ ಹೋಗಿ ಒಳಗೆ ತುಕ್ಕು ಹಿಡಿದಿದೆ. ಬರೀ ಕಪ್ಪು ಪುಡಿ ಇದ್ದು ಕಾರ್ಬನ್ ಬ್ರಷ್ ಗಿಡ್ಡವಾಗಿದ್ದರೆ ಬ್ರಷ್ ಬದಲಿಸಿದರೆ ಸಾಕು. ಕಾರಿನ ಸ್ಟಾರ್ಟರ್ ಮೋಟಾರ್ ರಿಪೇರಿ ಮಾಡುವವರು ಈ ಕೆಲಸವನ್ನು ಸಲೀಸಾಗಿ ಮಾಡುತ್ತಾರೆ. ಜೆಸಿ ರಸ್ತೆ, ಕಲಾಸಿಪಾಳ್ಯದ ಕಡೆ ಇಂಥ ಅಂಗಡಿಗಳಿಗೆ ಬರವಿಲ್ಲ.

ಮೇಲೆ ಹೋಗುತ್ತದೆ, ಕೆಳಗೆ ಬರುವುದಿಲ್ಲ (ಅಥವಾ ಉಲ್ಟಾ)

ಒಂದು ದಿಕ್ಕಿಗೆ ಓಡುತ್ತಿದೆ ಎಂದರೆ ಬ್ಯಾಟರಿ, ಮೋಟಾರ್ ಸರಿಯಿವೆ. ಮೇಲಕ್ಕೊಂದು, ಕೆಳಕ್ಕೊಂದು ಎಂದು ಎರಡು ಬಿಡಿ ರಿಲೇ ಇದ್ದು, ಎರಡೂ ಒಂದೇ ನಮೂನೆಯವಾಗಿದ್ದರೆ ಒಂದರ ಜಾಗಕ್ಕೆ ಇನ್ನೊಂದು ಹಾಕಿ. ದೋಷವೂ ಜಾಗ ಬದಲಿಸಿದರೆ ಕೆಟ್ಟದ್ದು ರಿಲೇ. ಬದಲಿಸದಿದ್ದರೆ ಸ್ವಿಚ್ ಅಥವಾ ವೈರ್ ನೋಡಿ. ಎರಡೂ ಒಂದೇ ಡಬ್ಬಿಯಲ್ಲಿರುವ ಎಂಜಿನ್‌ನಲ್ಲಿ ಮೀಟರಿನಿಂದಲೇ ಹುಡುಕಬೇಕು.

ಗುಂಡಿ ಬಿಟ್ಟರೂ ಮೋಟಾರ್ ನಿಲ್ಲುವುದಿಲ್ಲ

ತಕ್ಷಣ ಬ್ಯಾಟರಿಯ ಮೇನ್ ಸ್ವಿಚ್ ಆಫ್ ಮಾಡಿ. ರಿಲೇಯ ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಸ್ಕ್ರೂಡ್ರೈವರ್‌ನಲ್ಲಿ ತಟ್ಟಿದರೆ ಬಿಡುತ್ತದೆ, ನಿಜ. ಆದರೆ ಮತ್ತೆ ಅಂಟುವುದು ಖಂಡಿತ, ನೀವು ಪಕ್ಕದಲ್ಲಿ ಇಲ್ಲದಾಗ ಅಂಟಿದರೆ ಮೋಟಾರ್ ಸುಟ್ಟು ಹೋಗುತ್ತದೆ. ಹೊಸ ರಿಲೇ ಹಾಕುವ ತನಕ ಓಡಿಸಬೇಡಿ.

ಮೋಟಾರ್ ‘ಗುಂಯ್’ ಅನ್ನುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ

ಈಗ ಹೈಡ್ರಾಲಿಕ್ ಕಡೆ ಬಂದೆವು. ಮೊದಲು ನೋಡಬೇಕಾದ್ದು ರಿಲೀಸ್ ಸ್ಕ್ರೂ. ದೋಣಿಯ ಹಿಂಬದಿಗೆ ಎಂಜಿನನ್ನು ಕಚ್ಚಿಸಿರುವ ಬ್ರಾಕೆಟ್ಟಿನ ಪಕ್ಕದಲ್ಲಿ ಒಂದು ತೂತಿದೆ, ಅದರೊಳಗೆ ಸೀಳು ತಲೆಯ ಸ್ಕ್ರೂ ಕಾಣುತ್ತದೆ. ಹಿಂದಿನ ಸಲ ಯಾರೋ ಕೈಯಲ್ಲಿ ಇಳಿಸಲು ಅದನ್ನು ತೆರೆದು, ಪೂರ್ತಿ ಮುಚ್ಚದೆ ಬಿಟ್ಟಿರುತ್ತಾರೆ. ಅದು ತೆರೆದಿದ್ದರೆ ಪಂಪ್ ತಳ್ಳಿದ ಆಯಿಲ್ ಸುತ್ತಿಕೊಂಡು ಆಯಿಲ್ ಡಬ್ಬಿಗೇ ವಾಪಸ್ ಹೋಗುತ್ತದೆ. ಗಡಿಯಾರದ ದಿಕ್ಕಿಗೆ ತಿರುಗಿಸಿ ಬಿಗಿ ಮಾಡಿ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ. ಸೀಳು ಕಿತ್ತುಬಂದರೆ ಆಮೇಲೆ ತೆಗೆಯುವುದು ದೊಡ್ಡ ಕಷ್ಟ. ಕೈಯಲ್ಲಿ ಎತ್ತಿ ಇಳಿಸಲು ತೆರೆಯುವಾಗ ಮೂರು ನಾಲ್ಕು ಸುತ್ತು ಸಾಕು, ಹೊರಗೆ ಕೀಳಬೇಡಿ.

ಸ್ಕ್ರೂ ಮುಚ್ಚಿದ್ದರೆ ಆಯಿಲ್ ನೋಡಿ. ಹೆಚ್ಚಿನ ಎಂಜಿನ್‌ಗಳಲ್ಲಿ ಪೂರ್ತಿ ಮೇಲೆತ್ತಿ, ಸಪೋರ್ಟ್ ಹಾಕಿದ ಮೇಲೆಯೇ ಆಯಿಲ್ ಡಬ್ಬಿಯ ಮುಚ್ಚಳ ತೆರೆಯಬೇಕು. ಮೋಟಾರಿನಿಂದ ಏಳದಿದ್ದರೆ ರಿಲೀಸ್ ಸ್ಕ್ರೂ ತೆರೆದು ಇಬ್ಬರು ಸೇರಿ ಎತ್ತಿ, ಸಪೋರ್ಟ್ ಹಾಕಿ, ಸ್ಕ್ರೂ ಮುಚ್ಚಿ. ಎಂಜಿನ್ ಕೆಳಗಿರುವಾಗ ಮುಚ್ಚಳ ತೆರೆದರೆ ಆಯಿಲ್ ಮುಖಕ್ಕೇ ಚಿಮ್ಮಬಹುದು. ಮುಚ್ಚಳದ ಸುತ್ತಲ ಮಣ್ಣನ್ನು ಮೊದಲು ಒರೆಸಿ, ನಮ್ಮ ಊರಿನ ಕೆಂಪು ಧೂಳಿನ ಒಂದು ಕಣ ಚೆಕ್ ವಾಲ್ವ್‌ಗೆ ಸಿಕ್ಕಿಕೊಂಡರೆ ಇಲ್ಲದ ಹೊಸ ದೋಷ ಶುರುವಾಗುತ್ತದೆ. ಆಯಿಲ್ ತೂತಿನ ಅಂಚಿನವರೆಗೆ ಇರಬೇಕು.

ಬಣ್ಣವನ್ನೂ ನೋಡಿ. ತಿಳಿಯಾಗಿದ್ದರೆ ಒಳ್ಳೆಯದು. ಹಾಲು ಜಾಸ್ತಿಯಾದ ಕಾಫಿಯ ಹಾಗೆ ಕಂಡರೆ ನೀರು ಸೇರಿದೆ. ರಾಡಿನ ಸೀಲ್ ಅಥವಾ ಮುಚ್ಚಳದ ಓ-ರಿಂಗ್ (ರಬ್ಬರ್ ಬಳೆ) ಮೂಲಕ ಬಂದಿರುತ್ತದೆ. ಬರೀ ನೊರೆ ಇದ್ದರೆ ಗಾಳಿ ಸೇರಿದೆ.

ಯಾವ ಆಯಿಲ್ ಅಂತ ನಿಮ್ಮ ಎಂಜಿನ್ ಪುಸ್ತಕವೇ ಹೇಳಬೇಕು. ಯಮಹಾದ ಬಹಳಷ್ಟು ಮಾದರಿಗಳಿಗೆ ಡೆಕ್ಸ್‌ರಾನ್ 2 ದರ್ಜೆಯ ಎಟಿಎಫ್, ಅಂದರೆ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್. ಮರ್ಕ್ಯುರಿಗೆ ಅದರದ್ದೇ ಟ್ರಿಮ್ ಆಯಿಲ್ ಇದೆ. ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಇದರೊಳಗಿನ ರಬ್ಬರ್ ಓ-ರಿಂಗ್‌ಗಳು ಅದಕ್ಕೆ ಊದಿಕೊಂಡು ಮೆತ್ತಗಾಗುತ್ತವೆ. ‘ಎರಡೂ ಹೈಡ್ರಾಲಿಕ್ಕೇ ಅಲ್ವಾ’ ಎಂದು ಅಂಗಡಿಯವರು ಕೊಟ್ಟರೂ ತರಬೇಡಿ.

ತುಂಬಿಸಿ ಮುಚ್ಚಳ ಹಾಕಿ, ಮೂರು ನಾಲ್ಕು ಸಲ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಓಡಿಸಿ. ಐದು ನಿಮಿಷ ಬಿಟ್ಟು ಮತ್ತೆ ಮಟ್ಟ ನೋಡಿ, ಇಳಿದಿದ್ದರೆ ತುಂಬಿಸಿ. ಗಾಳಿ ಹೊರಹೋಗುವುದು ಹೀಗೇ. ಮೋಟಾರನ್ನು ಒಂದೇ ಸಮನೆ ಓಡಿಸಬೇಡಿ. ಇದು ಸ್ವಲ್ಪ ಹೊತ್ತು ಓಡಿ ತಣಿಯುವ ಮೋಟಾರ್, ಬೇಗ ಬಿಸಿಯಾಗುತ್ತದೆ.

ಆಯಿಲ್ ಸರಿ, ಸ್ಕ್ರೂ ಸರಿ, ಆದರೂ ಅಲುಗುತ್ತಿಲ್ಲ ಎಂದರೆ ಮೋಟಾರಿನ ಸದ್ದು ಕೇಳಿಸಿಕೊಳ್ಳಿ. ಯಾವ ಭಾರವೂ ಇಲ್ಲದ ಹಾಗೆ ಹಗುರವಾಗಿ, ಜೋರಾಗಿ ತಿರುಗುತ್ತಿದ್ದರೆ ಮೋಟಾರಿಗೂ ಪಂಪಿಗೂ ನಡುವಿನ ಕಪ್ಲಿಂಗ್ ತುಂಡಾಗಿರಬಹುದು. ಇದು ಚಿಕ್ಕ ಬಿಡಿಭಾಗ, ಯೂನಿಟ್ ಬದಲಿಸಬೇಕಿಲ್ಲ. ಭಾರಕ್ಕೆ ತಿಣುಕುವ ಸದ್ದಿದ್ದರೆ ವಾಲ್ವ್ ಸಿಕ್ಕಿಕೊಂಡಿದೆ ಅಥವಾ ಟಿಲ್ಟ್ ಟ್ಯೂಬ್‌ಗೆ ಗ್ರೀಸ್ ಕಾಣದೆ ಎಂಜಿನ್‌ನ ಕೀಲೇ ಹಿಡಿದುಕೊಂಡಿದೆ. ಗ್ರೀಸ್ ನಿಪ್ಪಲ್‌ಗಳಿಗೆ ಹಳೆಯದು ಹೊರಬರುವ ತನಕ ಗ್ರೀಸ್ ಹೊಡೆದು ನೋಡಿ.

ಎತ್ತಿಟ್ಟದ್ದು ತಾನಾಗಿ ಇಳಿಯುತ್ತದೆ

ಎಂಜಿನ್ ಅರ್ಧ ಎತ್ತಿ, ರಾಡ್ ಸಿಲಿಂಡರಿನಿಂದ ಹೊರಬರುವ ಜಾಗದಲ್ಲಿ ಮಾರ್ಕರ್‌ನಿಂದ ಗೆರೆ ಎಳೆದು ರಾತ್ರಿ ಬಿಡಿ. ಆ ರಾತ್ರಿ ಕೆಳಗೆ ಯಾವ ವಸ್ತುವೂ ಇರಬಾರದು. ನೆಲಕ್ಕೆ ಒಂದು ರಟ್ಟು ಹಾಸಿ.

ಬೆಳಿಗ್ಗೆ ಎಂಜಿನ್ ಇಳಿದು, ರಟ್ಟಿನ ಮೇಲೆ ಆಯಿಲ್ ಕಲೆ ಇದ್ದರೆ ಸೋರಿಕೆ ಹೊರಗಡೆಯದು. ರಾಡನ್ನು ಒರೆಸಿ ನೋಡಿ. ಸೀಲ್ ಜಾರಿದ ಕಡೆ ಆಯಿಲ್ಲಿಗೆ ಧೂಳು ಮೆತ್ತಿ ಕಪ್ಪು ಉಂಗುರ ಕಟ್ಟಿರುತ್ತದೆ. ಉಗುರನ್ನು ರಾಡಿನ ಉದ್ದಕ್ಕೆ ಎಳೆಯಿರಿ. ಉಗುರು ಎಲ್ಲಾದರೂ ತಡೆದರೆ ಅಲ್ಲಿ ಗೀರು ಅಥವಾ ತುಕ್ಕಿನ ಚುಕ್ಕೆ ಇದೆ. ಅದನ್ನು ಸರಿಮಾಡದೆ ಹೊಸ ಸೀಲ್ ಹಾಕಿದರೆ ಅದೂ ಹರಿಯುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ರಾಡಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪ್ರತಿ ಸಲ ಎಂಜಿನ್ ಇಳಿದಾಗ ಆ ಗಡಸು ಪೊರೆ ಸೀಲನ್ನು ಉಜ್ಜುತ್ತದೆ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ರಾಡ್ ಒಳಗೆ ಹೋಗುವಂತೆ ಎಂಜಿನ್ ಕೆಳಗಿಳಿಸಿ ನಿಲ್ಲಿಸಿ.

ರಟ್ಟು ಒಣಗಿಯೇ ಇದ್ದು ಎಂಜಿನ್ ಮಾತ್ರ ಇಳಿದಿದ್ದರೆ ಆಯಿಲ್ ಒಳಗೇ ದಾರಿ ತಪ್ಪುತ್ತಿದೆ. ರಿಲೀಸ್ ಸ್ಕ್ರೂ ಮುಚ್ಚಿದೆಯೇ ಮೊದಲು ನೋಡಿ. ಎಂಜಿನ್‌ಗೆ ಆಧಾರ ಕೊಟ್ಟು, ಆ ಸ್ಕ್ರೂವನ್ನು ಹೊರತೆಗೆದು ಅದರ ಓ-ರಿಂಗ್ ಪರೀಕ್ಷಿಸುವುದು ಅಗ್ಗದ ಕೆಲಸ. ಸ್ವಲ್ಪ ಆಯಿಲ್ ಸುರಿಯುತ್ತದೆ, ಪಾತ್ರೆ ಇಡಿ. ಅದೂ ಸರಿಯಿದ್ದರೆ ಉಳಿಯುವುದು ಚೆಕ್ ವಾಲ್ವ್‌ನ ಕಸ ಮತ್ತು ಸಿಲಿಂಡರಿನೊಳಗಿನ ಪಿಸ್ಟನ್ ಓ-ರಿಂಗ್. ಕಸವೇ ಆದರೆ ಹಳೆ ಆಯಿಲ್ ತೆಗೆದು ಹೊಸದು ಹಾಕಿ ಹಲವು ಸಲ ಮೇಲೆ ಕೆಳಗೆ ಓಡಿಸಿದಾಗ ಕೊಚ್ಚಿಹೋಗುವುದುಂಟು.

ರಿವರ್ಸ್ ಹಾಕಿದರೆ ಎಂಜಿನ್ ಮೇಲಕ್ಕೆ ಎಗರುತ್ತದೆ

ಇದನ್ನು ಸಣ್ಣದೆಂದು ಬಿಡಬೇಡಿ. ರಿವರ್ಸ್‌ನಲ್ಲಿ ಪ್ರೊಪೆಲ್ಲರ್ ಎಂಜಿನನ್ನು ಹಿಂದಕ್ಕೆ, ಮೇಲಕ್ಕೆ ಎಳೆಯುತ್ತದೆ. ಅದನ್ನು ಹಿಡಿದಿಡುವುದು ಸಿಲಿಂಡರಿನ ಇನ್ನೊಂದು ಬದಿಯ ಆಯಿಲ್. ಅದು ಹಿಡಿಯದಿದ್ದರೆ ದಡಕ್ಕೆ ಬರುವಾಗ ದೋಣಿ ನಿಲ್ಲಿಸಲು ಆಗುವುದಿಲ್ಲ, ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬರಬಹುದು. ಇಲ್ಲೂ ಮೊದಲ ಅನುಮಾನ ರಿಲೀಸ್ ಸ್ಕ್ರೂ ಮೇಲೆ, ಎರಡನೆಯದು ಆಯಿಲ್ ಮಟ್ಟದ ಮೇಲೆ. ಎರಡೂ ಸರಿಯಿದ್ದೂ ಎಗರುತ್ತಿದ್ದರೆ ಎಂಜಿನ್ ಏನಕ್ಕಾದರೂ ಬಡಿದಾಗ ಏಟು ತಾಳುವ ಪಿಸ್ಟನ್ನಿನ ಶಾಕ್ ವಾಲ್ವ್ ಅಥವಾ ಕೆಳಮುಖದ ಚೆಕ್ ವಾಲ್ವ್ ಸೋತಿದೆ. ನೀರಿನಲ್ಲಿ ಮುಳುಗಿದ ಮರಕ್ಕೋ ಬಂಡೆಗೋ ಎಂಜಿನ್ ಬಡಿದ ಮೇಲೆ ಶುರುವಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ಸರಿಯಾಗುವ ತನಕ ನೀರಿಗಿಳಿಸಬೇಡಿ.

ಪ್ರಯಾಣ ಮುಗಿಯುವಷ್ಟರಲ್ಲಿ ಆಯಿಲ್ ಸೋರಿದೆ, ಬ್ರಾಕೆಟ್ ಬಿರುಕು ಬಿಟ್ಟಿದೆ

ಎಂಜಿನ್‌ನಲ್ಲಿರುವ ಟಿಲ್ಟ್ ಸಪೋರ್ಟ್ ಲಿವರ್ ನಿಂತ ದೋಣಿಗೆ, ಟ್ರೇಲರ್ ಎಳೆಯುವಾಗ ಆಧಾರಕ್ಕಲ್ಲ. ಊರು ದಾಟುವಷ್ಟರಲ್ಲಿ ಎಷ್ಟು ಹಂಪ್, ಎಷ್ಟು ಗುಂಡಿ ಬರುತ್ತವೆ ಎಂದು ನಿಮಗೇ ಗೊತ್ತು. ಪ್ರತಿ ಕುಲುಕಿಗೂ ಎಂಜಿನ್‌ನ ಪೂರ್ತಿ ಭಾರ ಆ ಚಿಕ್ಕ ಲಿವರ್, ಸಿಲಿಂಡರಿನ ಪಿನ್, ದೋಣಿಯ ಹಿಂಬದಿಯ ಹಲಗೆಯ ಮೇಲೆ ಬೀಳುತ್ತದೆ. ಟ್ರೇಲರಿನಿಂದ ಎಂಜಿನ್‌ನ ಕೆಳಭಾಗಕ್ಕೆ ಕೊಡುವ ಆಧಾರದ ಸಲಾಕೆ ಬರುತ್ತದೆ, ಟ್ರಾನ್ಸಮ್ ಸೇವರ್ ಅಂತ. ಅದನ್ನು ಹಾಕಿ. ಅಥವಾ ನೆಲಕ್ಕೆ ಅಂತರ ಸಾಕಷ್ಟಿದ್ದರೆ ಎಂಜಿನನ್ನು ಕೆಳಗಿಳಿಸಿಯೇ ಎಳೆಯಿರಿ.

ಇಲ್ಲಿಂದ ಮುಂದೆ ಬಲ್ಲವರ ಕೈಗೆ

ಸಿಲಿಂಡರಿನ ಮೇಲಿನ ಕ್ಯಾಪ್ ತೆಗೆಯಲು ಎರಡು ಮೊಳೆಯ ಪಿನ್ ಸ್ಪ್ಯಾನರ್ ಬೇಕು. ಉಪ್ಪು ನೀರು ಕಂಡ ಕ್ಯಾಪ್ ಸುಲಭಕ್ಕೆ ಬಿಡುವುದಿಲ್ಲ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಅಲ್ಯೂಮಿನಿಯಂ ಮೈ ಸೀಳುತ್ತದೆ, ಆಗ ನಿಜವಾಗಿಯೂ ಪೂರ್ತಿ ಯೂನಿಟ್ ಕೊಳ್ಳಬೇಕಾಗುತ್ತದೆ. ವಾಲ್ವ್ ಬ್ಲಾಕಿನೊಳಗೆ ಸಣ್ಣ ಸಣ್ಣ ಗುಂಡು, ಸ್ಪ್ರಿಂಗ್‌ಗಳಿವೆ. ಒಂದು ಜಾಗ ತಪ್ಪಿದರೂ ಕೆಲಸ ಕೆಡುತ್ತದೆ. ಮೋಟಾರ್ ಇಲ್ಲದೆ ಗ್ಯಾಸ್ ಬಲದಿಂದ ಎತ್ತಲು ನೆರವಾಗುವ ಸಿಲಿಂಡರ್ ಇದ್ದರೆ ಅದನ್ನು ಮುಟ್ಟಲೇಬೇಡಿ. ಅದರಲ್ಲಿ ಭಾರಿ ಒತ್ತಡದ ಗ್ಯಾಸ್ ತುಂಬಿರುತ್ತದೆ, ಬಿಚ್ಚಿದರೆ ಪ್ರಾಣಕ್ಕೇ ಅಪಾಯ.

ಗೀರಾದ ರಾಡಿಗೆ ಮತ್ತೆ ಹಾರ್ಡ್ ಕ್ರೋಮ್ ಹಾಕಿಸುವುದು, ಅಳತೆಗೆ ಸೀಲ್ ಹುಡುಕುವುದು ಪೀಣ್ಯದಲ್ಲಿ ಆಗುವ ಕೆಲಸ. ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಮಾಡುವ ವರ್ಕ್‌ಶಾಪ್‌ಗಳು ಅಲ್ಲಿವೆ. ಆದರೆ ಅವರಿಗೆ ಜೆಸಿಬಿ, ಪ್ರೆಸ್‌ಗಳ ಅಭ್ಯಾಸ. ಇದು ನೀರಿನಲ್ಲಿ ಮುಳುಗುವ ಸಿಲಿಂಡರ್ ಎಂದು ಮೊದಲೇ ಹೇಳಿ, ಹೊರಗಿನ ಧೂಳು-ನೀರು ತಡೆಯುವ ವೈಪರ್ ಸೀಲ್ ಕೂಡ ಹೊಸದು ಹಾಕಲು ಕೇಳಿ. ಯೂನಿಟ್ ಕಳಚುವ ಮುನ್ನ ವೈರ್‌ಗಳ, ಪಿನ್‌ಗಳ ಫೋಟೋ ತೆಗೆದುಕೊಳ್ಳಿ. ಎಂಜಿನ್ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ ಬರೆದು ಯೂನಿಟ್ ಜೊತೆಗೇ ಕೊಡಿ. ಸೀಲ್ ಕಿಟ್‌ಗಳು ಮಾದರಿಯಿಂದ ಮಾದರಿಗೆ ಬೇರೆ, ನೋಡಲು ಒಂದೇ ಥರ ಇದ್ದರೂ.